ಆಳು ಬದಲಾಗುತ್ತೆ, ಜಾತಿ ಬದಲಾಗಲ್ಲ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಜೀತಕ್ಕಿದ್ದವನು ಕಾಯಿಲೆ ಬಿದ್ದು ಮಲಗಿದರೆ ಧಣಿ ಏನು ಹೇಳುತ್ತಿದ್ದ ಅನ್ನೋದು ನಿಮ್ಮ ತಾತಂದಿರಿಗೆ ಚೆನ್ನಾಗಿ ನೆನಪಿರುತ್ತೆ. 'ಈ ಆಳು ಹೋದರೆ ಇನ್ನೊಂದು ಆಳು.' ಜೀತವನ್ನು 1976ರ ಕಾನೂನು ರದ್ದು ಮಾಡಿತು. ಈ ಮಾತು ಮಾತ್ರ ರದ್ದಾಗಲಿಲ್ಲ. ಅದು ಧಣಿಯ ಜಗುಲಿಯಿಂದ ಎದ್ದು ಬಂದು ಗುತ್ತಿಗೆದಾರನ ಆಫೀಸಿನ ಕುರ್ಚಿಯಲ್ಲಿ ಕೂತಿದೆ. ಕಸ ಗುಡಿಸೋಕೆ, ಚರಂಡಿ ಬಾಚೋಕೆ, ಪ್ರವಾಹ ಬಂದ ಮೇಲೆ ಕೆಸರು ಎತ್ತೋಕೆ ಯಾರಾದರೇನು, ಎರಡು ಕೈ ಎರಡು ಕಾಲು ಇದ್ದರೆ ಸಾಕು ಅಂತ ಅಧಿಕಾರಿಗಳೂ ನಂಬಿದ್ದಾರೆ.

ಇದು ಅನ್ಯಾಯದ ಮಾತು ಅಂತ ನಿಮಗೆ ಗೊತ್ತು. ಅಷ್ಟನ್ನ ಹೇಳೋಕೆ ಒಂದು ಶಿಬಿರ ಕರೆಯಬೇಕಾಗಿಲ್ಲ. ಇದು ಸುಳ್ಳು ಮಾತು ಕೂಡ ಹೌದು ಅನ್ನೋದನ್ನ ಇವತ್ತು ನೋಡೋಣ. ಅನ್ಯಾಯ ಅಂತ ಕೂಗಿದರೆ ಅವರು ಕರುಣೆ ತೋರಿಸಿ ಹೋಗ್ತಾರೆ. ಸುಳ್ಳು ಅಂತ ಲೆಕ್ಕ ಹಾಕಿ ತೋರಿಸಿದರೆ ಉತ್ತರ ಕೊಡಬೇಕಾಗುತ್ತೆ.

ನಾವು ಆರಿಸಿಕೊಂಡಿರುವ ವಿಷಯ ಇಷ್ಟು. ಒಂದು ದುರಂತ ಆದ ಮೇಲೆ ಕೆಸರು, ಕಸ, ಹೆಣ, ವಿಷ ಎತ್ತುವ ಕೆಲಸ ಇರುತ್ತಲ್ಲ, ಆ ಕೆಲಸ ಮಾಡೋ ತಂಡದಲ್ಲಿ ಜನ ಬದಲಾಗ್ತಾ ಇದ್ದರೆ ಏನಾಗುತ್ತೆ? ಕೆಲಸ ಹಾಳಾಗುತ್ತಾ? ಯಾರ ಮೈಮೇಲೆ ಅದರ ಪೆಟ್ಟು ಬೀಳುತ್ತೆ?

ಇದು ನಮಗೆ ಯಾಕೆ ಬೇಕು ಅಂತ ಕೇಳಬಹುದು. ದುರಂತ ಆದಾಗ ಯಾರನ್ನ ಕರೀತಾರೆ ಅಂತ ನೋಡಿ, ಗೊತ್ತಾಗುತ್ತೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂತು. ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆ ಒಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಹೆಣಗಳನ್ನ ಎತ್ತೋಕೆ ಬೇರೆ ಬೇರೆ ಊರುಗಳ ನಗರಸಭೆ, ಪುರಸಭೆಗಳಿಂದ ಪೌರಕಾರ್ಮಿಕರನ್ನ ಲಾರಿಗಳಲ್ಲಿ ತುಂಬಿಕೊಂಡು ಬಂದರು. ಬಹುತೇಕ ಎಲ್ಲರೂ ದಲಿತರು. 2015ರ ಡಿಸೆಂಬರಿನಲ್ಲಿ ಮದ್ರಾಸು ಮುಳುಗಿತು. ಆಗಲೂ ಅಷ್ಟೇ. ಬೇರೆ ಜಿಲ್ಲೆಗಳಿಂದ ಸಾವಿರಾರು ಪೌರಕಾರ್ಮಿಕರು ಬಂದರು. ಕೈಗವಸು, ಬೂಟು ಇಲ್ಲದೆ ಬರಿಗೈಯಲ್ಲಿ ಕೊಳೆತ ಕಸ ಎತ್ತುತ್ತಿದ್ದವರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು.

ಇಲ್ಲಿ ಎರಡು ವಿಷಯ ಗಮನಿಸಿ. ಬಂದವರು ಆ ಊರಿಗೆ ಹೊಸಬರು. ಒಬ್ಬರಿಗೊಬ್ಬರೂ ಹೊಸಬರು. ಅವರ ಮೇಲೆ ನಿಂತ ಮೇಸ್ತ್ರಿಯೂ ಹೊಸಬ. ಎಲ್ಲಾ ಬದಲಾಯಿತು, ಜಾತಿ ಮಾತ್ರ ಬದಲಾಗಲಿಲ್ಲ. ಮುನ್ನೂರು ಕಿಲೋಮೀಟರ್ ದೂರದಿಂದ ತರಿಸಿದರೂ ಅದೇ ಜಾತಿಯನ್ನ ತರಿಸಿದರು. ಯಾವುದು ಗಟ್ಟಿಯಾಗಿ ನಿಲ್ಲಬೇಕೋ ಅದನ್ನ ದಿನಾ ಬದಲಾಯಿಸ್ತಾರೆ. ಯಾವುದು ಬದಲಾಗಬೇಕೋ ಅದನ್ನ ಸಾವಿರ ವರ್ಷದಿಂದ ಗಟ್ಟಿಯಾಗಿ ಇಟ್ಟಿದ್ದಾರೆ. ಇವತ್ತಿನ ನಮ್ಮ ಮಾತೆಲ್ಲ ಇದರ ಸುತ್ತಲೇ.

ಮೊದಲು, ತಂಡದಲ್ಲಿ ಹಳಬರಿಗೆ ಗೊತ್ತಿರೋದು ಏನು ಅಂತ ನೋಡೋಣ. ಒಂದು ಬೀದಿಯಲ್ಲಿ ಸೊಂಟದ ಮಟ್ಟ ನೀರು ನಿಂತಿದೆ ಅಂತಿಟ್ಕೊಳ್ಳಿ. ಆ ವಾರ್ಡಿನಲ್ಲಿ ಹತ್ತು ವರ್ಷ ಪೊರಕೆ ಹಿಡಿದ ಹೆಂಗಸಿಗೆ ಆ ನೀರಿನ ಅಡಿಯಲ್ಲಿ ಏನಿದೆ ಅಂತ ಗೊತ್ತು. ಮುಚ್ಚಳ ಇಲ್ಲದ ಮ್ಯಾನ್‌ಹೋಲು ಎಲ್ಲಿದೆ, ಯಾವ ಚರಂಡಿ ಯಾವ ಕಾಲುವೆಗೆ ಸೇರುತ್ತೆ, ಯಾವ ಕಂಬದ ವೈರು ಜೋತುಬಿದ್ದಿರುತ್ತೆ, ಯಾವ ಗೋಡೆ ಮೊದಲೇ ಬಿರುಕು ಬಿಟ್ಟಿತ್ತು, ಯಾವ ಮನೆಯ ಹಿಂದೆ ಕುಳಿ ಪಾಯಿಖಾನೆ ಇದೆ. ಇದನ್ನ ಆಕೆ ಯಾವ ಕಾಲೇಜಿನಲ್ಲೂ ಓದಿದ್ದಲ್ಲ, ಕಾಲಿನಿಂದ ಕಲಿತದ್ದು.

ಇನ್ನೊಂದು ಥರದ ತಿಳುವಳಿಕೆ ಇದೆ. ಅದು ಒಬ್ಬರ ತಲೆಯಲ್ಲಿ ಇರಲ್ಲ, ಇಬ್ಬರ ನಡುವೆ ಇರುತ್ತೆ. ಭಾರದ ದಿಮ್ಮಿ ಎತ್ತುವಾಗ ಆ ಕಡೆ ಹಿಡಿದವನು ಯಾವಾಗ ಉಸಿರು ಹಿಡೀತಾನೆ ಅಂತ ಈ ಕಡೆಯವನಿಗೆ ಗೊತ್ತಿರುತ್ತೆ. ಯಾರು ಧೈರ್ಯ ಜಾಸ್ತಿ ಮಾಡ್ತಾನೆ, ಯಾರಿಗೆ ಸುಸ್ತಾದರೂ ಬಾಯಿ ಬಿಟ್ಟು ಹೇಳಲ್ಲ, 'ಬಿಡು' ಅಂತ ಯಾರು ಕೂಗಿದರೆ ಎಲ್ಲರೂ ತಕ್ಷಣ ಬಿಡ್ತಾರೆ. ಗ್ಯಾಂಗು ಒಡೆದು ಒಬ್ಬೊಬ್ಬರನ್ನ ಒಂದೊಂದು ಕಡೆ ಹಾಕಿದರೆ, ಇಬ್ಬರ ನಡುವೆ ಇದ್ದದ್ದು ಯಾರ ಜೊತೆಗೂ ಹೋಗಲ್ಲ. ಅದು ಅಲ್ಲೇ ಸಾಯುತ್ತೆ.

'ಇದೆಲ್ಲ ಕೂಲಿ ಕೆಲಸ, ಇದಕ್ಕೆಂಥ ತಿಳುವಳಿಕೆ' ಅಂತ ಮೂಗು ಮುರಿಯೋರಿಗೆ ಅವರದೇ ಜನರ ಲೆಕ್ಕ ತೋರಿಸೋಣ. ಡಾಕ್ಟರು, ಪೈಲಟ್ಟು, ಸಾಫ್ಟ್‌ವೇರ್ ಎಂಜಿನಿಯರು. ಇವರಿಗಿಂತ 'ಮೇಲಿನ' ಕೆಲಸ ಬೇಕಾ?

ಅಮೆರಿಕದಲ್ಲಿ ವಿಮಾನ ಅಪಘಾತಗಳನ್ನ ತನಿಖೆ ಮಾಡುವ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಇದೆ. 1978ರಿಂದ 1990ರವರೆಗೆ ಸಿಬ್ಬಂದಿಯ ತಪ್ಪು ಸೇರಿಕೊಂಡಿದ್ದ ದೊಡ್ಡ ಅಪಘಾತಗಳನ್ನ ಅದು ಪರಿಶೀಲಿಸಿ 1994ರಲ್ಲಿ ವರದಿ ಕೊಟ್ಟಿತು. ಪೈಲಟ್‌ಗಳು ಎಷ್ಟು ದಿನದಿಂದ ಜೊತೆಗಿದ್ದರು ಅನ್ನೋ ವಿವರ ಸಿಕ್ಕ ಅಪಘಾತಗಳಲ್ಲಿ ನೂರಕ್ಕೆ 73 ಆದದ್ದು ಅವರು ಒಟ್ಟಿಗೆ ಕೆಲಸ ಮಾಡಿದ ಮೊದಲನೇ ದಿನ. ನೂರಕ್ಕೆ 44 ಆದದ್ದು ಒಟ್ಟಿಗೆ ಹಾರಿದ ಮೊದಲನೇ ಹಾರಾಟದಲ್ಲಿ. ಒಬ್ಬೊಬ್ಬರೂ ಸಾವಿರಾರು ಗಂಟೆ ಹಾರಿಸಿದ ಪೈಲಟ್‌ಗಳೇ. ಆದರೆ ಒಬ್ಬರಿಗೊಬ್ಬರು ಹೊಸಬರು.

ಹೃದಯದ ಆಪರೇಷನ್ ಮಾಡುವ ಡಾಕ್ಟರುಗಳ ಬಗ್ಗೆ ಹಕ್‌ಮನ್, ಪಿಸಾನೊ ಅನ್ನುವ ಇಬ್ಬರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಈ ಡಾಕ್ಟರುಗಳು ಎರಡು ಮೂರು ಆಸ್ಪತ್ರೆಗಳಲ್ಲಿ ಕೆಲಸ ಮಾಡ್ತಾರೆ. ಒಂದು ಆಸ್ಪತ್ರೆಯಲ್ಲಿ ಹೆಚ್ಚು ಆಪರೇಷನ್ ಮಾಡಿದರೆ ಆ ಆಸ್ಪತ್ರೆಯಲ್ಲಿ ಅವರ ಕೆಲಸ ಸುಧಾರಿಸ್ತಾ ಹೋಗುತ್ತೆ. ಬೇರೆ ಆಸ್ಪತ್ರೆಗೆ ಹೋದರೆ ಆ ಸುಧಾರಣೆ ಜೊತೆಗೆ ಬರಲ್ಲ. ಡಾಕ್ಟರು ಅವರೇ, ಕೈಗಳೂ ಅವೇ. ನರ್ಸು, ಮದ್ದು ಕೊಡುವವರು, ಸಲಕರಣೆ, ಅಲ್ಲಿಯ ರೂಢಿ ಬೇರೆ.

ಮೂರನೇದು ನಮ್ಮ ಬೆಂಗಳೂರಿಗೇ ಸೇರಿದ್ದು. ವಿಪ್ರೋ ಕಂಪನಿಯ ಸಾಫ್ಟ್‌ವೇರ್ ತಂಡಗಳ ಮೇಲೆ ನಡೆದ ಅಧ್ಯಯನ, 2009ರಲ್ಲಿ ಪ್ರಕಟವಾಯಿತು. ಮೊದಲೇ ಒಟ್ಟಿಗೆ ಕೆಲಸ ಮಾಡಿದ್ದ ಜನ ಇರುವ ತಂಡಗಳ ಕೆಲಸ ಚೆನ್ನಾಗಿತ್ತು. ಒಬ್ಬೊಬ್ಬರ ಸರ್ವೀಸು ಎಷ್ಟು ವರ್ಷ ಅಂತ ಕೂಡಿ ನೋಡಿದರೆ ಅಷ್ಟು ಸ್ಪಷ್ಟವಾಗಿ ಏನೂ ಕಾಣಲಿಲ್ಲ. ಅಂದರೆ ಬಯೋಡೇಟಾ ಉದ್ದ ಇದ್ದರೆ ಸಾಲದು, ಜೊತೆಗೆ ಬಾಳಿರಬೇಕು.

ಎ.ಸಿ. ರೂಮಿನಲ್ಲಿ ಕೂತು ಮಾಡೋ ಕೆಲಸಕ್ಕೇ ಈ ಮಾತು ನಿಜ ಆದರೆ, ಕತ್ತಲಲ್ಲಿ, ಕೆಸರಿನಲ್ಲಿ, ವಿಷದ ಗಾಳಿಯಲ್ಲಿ ಮಾಡೋ ಕೆಲಸಕ್ಕೆ ಎಷ್ಟು ಪಾಲು ನಿಜ ಇರಬೇಕು? ಎಂಜಿನಿಯರ್ ತಂಡ ಒಡೆದರೆ ಕಂಪ್ಯೂಟರಿನಲ್ಲಿ ತಪ್ಪು ಸೇರುತ್ತೆ, ಆಮೇಲೆ ತಿದ್ದಬಹುದು. ಇಲ್ಲಿ ತಿದ್ದೋಕೆ ಮನುಷ್ಯ ಉಳಿದಿರಬೇಕಲ್ಲ.

ಆದರೆ ಜನ ಬದಲಾಗಲೇಬೇಕಾದ ಕೆಲಸಗಳೂ ಇವೆ. ಒಬ್ಬನೇ ಮನುಷ್ಯ ಬಹಳ ಹೊತ್ತು ನಿಂತರೆ ಸತ್ತೇ ಹೋಗುವ ಜಾಗಗಳಿವೆ. ಅಲ್ಲಿ ಏನು ಮಾಡಿದರು? ಇದಕ್ಕೆ ಚೆರ್ನೋಬಿಲ್ ನೋಡಬೇಕು.

1986ರ ಏಪ್ರಿಲ್ 26ರಂದು, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೇ ರಿಯಾಕ್ಟರು ಸಿಡಿಯಿತು. ಅದನ್ನ ಶುಚಿ ಮಾಡುವ ಕೆಲಸಕ್ಕೆ ಮುಂದಿನ ವರ್ಷಗಳಲ್ಲಿ ಸುಮಾರು ಆರು ಲಕ್ಷ ಜನ ಹೋದರು. ಆರು ಲಕ್ಷ ಯಾಕೆ ಬೇಕಾಯಿತು? ಕಣ್ಣಿಗೆ ಕಾಣದ ವಿಕಿರಣ ಮೈಗೆ ಸೇರ್ತಾ ಹೋಗುತ್ತೆ. ಇಷ್ಟು ಸೇರಿದರೆ ಸಾಕು, ಇನ್ನು ಹೋಗು ಅಂತ ಒಂದು ಮಿತಿ ಹಾಕಿದ್ದರು. 1986ರಲ್ಲಿ ಆ ಮಿತಿ 25 ರೆಮ್. ಮಿತಿ ಮುಟ್ಟಿದವನು ವಾಪಸು, ಅವನ ಜಾಗಕ್ಕೆ ಹೊಸಬ.

ಅತಿ ಕಷ್ಟದ್ದು ಚಾವಣಿಯ ಕೆಲಸ. ಸ್ಫೋಟದಲ್ಲಿ ರಿಯಾಕ್ಟರಿನ ಒಳಗಿದ್ದ ಗ್ರಾಫೈಟ್ ತುಂಡುಗಳು ಹಾರಿ ಪಕ್ಕದ ಚಾವಣಿ ಮೇಲೆ ಬಿದ್ದಿದ್ದವು. ಯಂತ್ರಗಳನ್ನ ಇಳಿಸಿ ನೋಡಿದರು, ಪಶ್ಚಿಮ ಜರ್ಮನಿಯಿಂದಲೂ ತರಿಸಿದರು. ವಿಕಿರಣಕ್ಕೆ, ಅಲ್ಲಿಯ ಅವಶೇಷಗಳಿಗೆ ಸಿಕ್ಕಿ ಯಂತ್ರಗಳು ಕೆಟ್ಟು ನಿಂತವು. ಕೊನೆಗೆ ಸೆಪ್ಟೆಂಬರಿನಲ್ಲಿ ಮನುಷ್ಯರನ್ನ ಹತ್ತಿಸಿದರು. ಹೆಚ್ಚಿನವರು ಮೀಸಲು ಪಡೆಗೆ ಕರೆಸಿಕೊಂಡಿದ್ದ ಸಾಮಾನ್ಯ ಜನ. ಮೈಗೆ ಸೀಸದ ತಗಡು ಕಟ್ಟಿಕೊಂಡು, ಕೈಯಲ್ಲಿ ಸಲಿಕೆ ಹಿಡಿದು ಓಡೋದು, ಒಂದೆರಡು ತುಂಡು ಎತ್ತಿ ಸಿಡಿದ ರಿಯಾಕ್ಟರಿನ ಗುಂಡಿಗೆ ಎಸೆಯೋದು, ಓಡಿ ಬರೋದು. ಮೂರು ಸಾವಿರಕ್ಕೂ ಹೆಚ್ಚು ಜನ ಹೀಗೆ ಹತ್ತಿ ಇಳಿದರು.

ಈಗ ಒಂದು ಲೆಕ್ಕ ಹಾಕಿ. ಗಂಟೆಗೆ 1000 ರೆಮ್ ಇರುವ ಜಾಗದಲ್ಲಿ ನಿಂತರೆ 25 ರೆಮ್ ಸೇರೋಕೆ ಎಷ್ಟು ಹೊತ್ತು ಬೇಕು? 90 ಸೆಕೆಂಡು. ಹೊಸಬನೊಬ್ಬ ಬಾಗಿಲು ದಾಟಿ ಹೊರಗೆ ಬಂದು 'ಯಾವ ಕಡೆ ಹೋಗ್ಬೇಕು?' ಅಂತ ಅತ್ತಿತ್ತ ನೋಡೋದ್ರಲ್ಲಿ 30 ಸೆಕೆಂಡು ಕಳೆದ ಅಂತಿಟ್ಕೊಳ್ಳಿ. ಅವನ ಪಾಲಿನ ಮೂರನೇ ಒಂದು ಭಾಗ ವಿಷ ಸುಮ್ಮನೆ ಮೈಗೆ ಹೋಯಿತು, ಒಂದು ತುಂಡೂ ಎತ್ತಲಿಲ್ಲ. ಎಲ್ಲರೂ ಹೀಗೇ 30 ಸೆಕೆಂಡು ಕಳೆದರೆ 1000 ಜನ ಮಾಡುವ ಕೆಲಸಕ್ಕೆ 1500 ಜನ ಬೇಕಾಗುತ್ತೆ. ಹೆಚ್ಚಿನ 500 ಜನಕ್ಕೆ ವಿಷ ಸೇರಿದ್ದು ತಿಳುವಳಿಕೆ ದಾಟಿಸದೆ ಹೋದದ್ದರಿಂದ. ಬೇರೆ ಕೆಲಸಗಳಲ್ಲಿ ಈ ಲೆಕ್ಕ ಕಣ್ಣಿಗೆ ಕಾಣಲ್ಲ. ಇಲ್ಲಿ ಗಡಿಯಾರ ಹಿಡಿದು ಅಳೆಯಬಹುದು.

ಅಲ್ಲಿಯ ಅಧಿಕಾರಿಗಳಿಗೆ ಇದು ಗೊತ್ತಿತ್ತು. ಅವರು ಏನು ಮಾಡಿದರು ಅಂದ್ರೆ, ಕೆಳಗೆ ಚಾವಣಿಯ ಮಾದರಿ ಕಟ್ಟಿ ಅದರ ಮೇಲೆ ಅಭ್ಯಾಸ ಮಾಡಿಸಿದರು. ಹತ್ತುವ ಮುಂಚೆ ಟಿ.ವಿ. ಪರದೆಯಲ್ಲಿ 'ನೀನು ಓಡಬೇಕಾದ ದಾರಿ ಇದು, ಎತ್ತಬೇಕಾದ ತುಂಡು ಇದು' ಅಂತ ತೋರಿಸಿದರು. ಕೆಲಸವನ್ನ ಒಂದು ನಿಮಿಷದ ತುಂಡುಗಳಾಗಿ ಕತ್ತರಿಸಿದರು. ಸಮಯ ಮುಗಿದ ತಕ್ಷಣ ಸೈರನ್ ಊದಿದರು. ಇನ್ನೂ ಮುಖ್ಯವಾದದ್ದು, ಹತ್ತುವವರು ಬದಲಾದರೂ ಎಲ್ಲರೂ ಬದಲಾಗಲಿಲ್ಲ. ಮೊದಲೇ ಹೋಗಿ ವಿಕಿರಣ ಅಳೆದು ಬಂದ ಸಣ್ಣ ಗುಂಪೊಂದಿತ್ತು. ಜನರಲ್ ತರಕಾನೋವ್ ಮೇಲ್ವಿಚಾರಣೆ ಇತ್ತು. ನಡುವಿನ ಗೂಟ ಗಟ್ಟಿಯಾಗಿ ನಿಂತಿತ್ತು, ಸುತ್ತ ಜನ ಬದಲಾಗ್ತಿದ್ದರು.

ಅಲ್ಲಿ ಎಲ್ಲಾ ಸರಿ ಇತ್ತು ಅಂತ ನಾವು ಹೇಳ್ತಿಲ್ಲ. ಸೀಸದ ತಗಡನ್ನ ಸೈನಿಕರೇ ಕತ್ತರಿಸಿ ಮೈಗೆ ಕಟ್ಟಿಕೊಳ್ಳಬೇಕಾಯಿತು ಅಂದರೆ ವ್ಯವಸ್ಥೆ ಎಷ್ಟಿತ್ತು ಅಂತ ನೀವೇ ಊಹಿಸಿ. ಆದರೆ ಒಂದು ಪಾಠ ಇದೆ. ಜನ ಬದಲಾಗಲೇಬೇಕಾದರೆ ತಿಳುವಳಿಕೆ ಅವರ ಜೊತೆ ಹೊರಟು ಹೋಗದ ಹಾಗೆ ನೋಡಿಕೊಳ್ಳಬಹುದು. ಅದಕ್ಕೆ ಮಾದರಿ ಕಟ್ಟಬೇಕು, ಅಭ್ಯಾಸ ಮಾಡಿಸಬೇಕು, ನಡುವೆ ಹಳಬರನ್ನ ಉಳಿಸಬೇಕು. ಖರ್ಚಾಗುತ್ತೆ. ಆ ಖರ್ಚನ್ನ ದೇಹದಿಂದ ವಸೂಲು ಮಾಡ್ತೀರೋ, ಖಜಾನೆಯಿಂದ ಕೊಡ್ತೀರೋ ಅನ್ನೋದೇ ಪ್ರಶ್ನೆ.

ಖಜಾನೆಯಿಂದ ಕೊಡದೆ ಹೋದರೆ ಏನಾಗುತ್ತೆ? ಅದಕ್ಕೆ ಜಪಾನಿಗೆ ಹೋಗಬೇಕು. 2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ ಎರಡೂ ಬಂದು ಫುಕುಶಿಮಾ ಸ್ಥಾವರದ ಮೂರು ರಿಯಾಕ್ಟರುಗಳು ಕರಗಿದವು. ತುರ್ತು ಕೆಲಸಗಾರರ ಮಿತಿ 100 ಮಿಲಿಸೀವರ್ಟ್ ಇತ್ತು, ಅದನ್ನ 250ಕ್ಕೆ ಏರಿಸಿದರು. ವಿಕಿರಣ ಅಳೆಯೋ ಸಣ್ಣ ಯಂತ್ರಕ್ಕೆ ಡೋಸಿಮೀಟರ್ ಅಂತಾರೆ. ಸ್ಥಾವರದಲ್ಲಿದ್ದ ಸುಮಾರು 5000 ಡೋಸಿಮೀಟರ್ ಸುನಾಮಿ ನೀರಿಗೆ ಹಾಳಾಗಿ 320 ಮಾತ್ರ ಉಳಿದವು. ಮೊದಲ ವಾರಗಳಲ್ಲಿ ಕೆಲವು ತಂಡಗಳಿಗೆ ಒಂದೇ ಡೋಸಿಮೀಟರ್, ಅದು ತಂಡದ ಮುಖಂಡನ ಹತ್ತಿರ. ಮುಖಂಡ ನಿಂತ ಜಾಗದ ಲೆಕ್ಕವೇ ಎಲ್ಲರ ಲೆಕ್ಕ. ಮೂಲೆಯಲ್ಲಿ ಬಗ್ಗಿ ಕೆಲಸ ಮಾಡ್ತಿದ್ದವನ ಮೈಗೆ ಎಷ್ಟು ಸೇರಿತೋ ಯಾರು ಹೇಳಬೇಕು?

ಅಲ್ಲಿಯ ಕೆಲಸವೆಲ್ಲ ಗುತ್ತಿಗೆ. ಗುತ್ತಿಗೆಯ ಕೆಳಗೆ ಉಪಗುತ್ತಿಗೆ, ಅದರ ಕೆಳಗೆ ಇನ್ನೊಂದು. ಒಸಾಕಾ ನಗರದಲ್ಲಿ ಕಾಮಗಾಸಾಕಿ ಅಂತ ದಿನಗೂಲಿಯವರ ಕೇರಿ ಇದೆ. ಅಲ್ಲಿಯ ಕೂಲಿಕಾರನೊಬ್ಬನನ್ನ ಮಿಯಾಗಿ ಪ್ರಾಂತ್ಯದಲ್ಲಿ ಲಾರಿ ಓಡಿಸುವ ಕೆಲಸ ಅಂತ ಹೇಳಿ ಕರೆದು, ಫುಕುಶಿಮಾ ಸ್ಥಾವರದ ಕೆಲಸಕ್ಕೆ ಹಾಕಿದ್ದು 2011ರ ಮೇ ತಿಂಗಳಲ್ಲಿ ಬಯಲಾಯಿತು. ಕೂಲಿಕಾರರ ಕೇರಿ ಯಾವ ದೇಶದಲ್ಲಿದ್ದರೂ ಗುತ್ತಿಗೆದಾರನಿಗೆ ದಾರಿ ಗೊತ್ತಿರುತ್ತೆ.

ಇನ್ನೊಂದು ಸಂಗತಿ 2012ರ ಜುಲೈನಲ್ಲಿ ಹೊರಬಿತ್ತು. ಒಂದು ಉಪಗುತ್ತಿಗೆ ಕಂಪನಿಯವರು ತಮ್ಮ ಕೆಲಸಗಾರರಿಗೆ ಡೋಸಿಮೀಟರ್ ಮೇಲೆ ಸೀಸದ ಮುಚ್ಚಳ ಹಾಕಿಕೊಳ್ಳಿ ಅಂತ ಹೇಳಿದ್ದರು. ಯಾಕೆ? ಯಂತ್ರ ಕಡಿಮೆ ತೋರಿಸಲಿ ಅಂತ. ಮಿತಿ ಮುಟ್ಟಿದರೆ ಮನೆಗೆ ಹೋಗಬೇಕು. ಮನೆಗೆ ಹೋದರೆ ಕೂಲಿ ಇಲ್ಲ. ಕಂಪನಿಗೆ ಪಳಗಿದ ಆಳು ಕೈತಪ್ಪುತ್ತೆ, ಆಳಿಗೆ ಅನ್ನ ಕೈತಪ್ಪುತ್ತೆ. ಇಲ್ಲಿ ಚೆನ್ನಾಗಿ ಯೋಚನೆ ಮಾಡಿ, ಗೆಳೆಯರೆ. ಮಿತಿ ಹಾಕಿದ್ದು ಕೆಲಸಗಾರನನ್ನ ಕಾಪಾಡೋಕೆ. ಆದರೆ ಬದಲಿಯಾಗಿ ಹೋದವನಿಗೆ ಸಂಬಳ ಇಲ್ಲ ಅಂದರೆ, ಕಾಪಾಡೋ ನಿಯಮವೇ ಶಿಕ್ಷೆ ಆಗುತ್ತೆ. ಆಗ ಅವನು ಸುಳ್ಳು ಹೇಳ್ತಾನೆ. ತಲೆ ಸುತ್ತಿದರೂ ಹೇಳಲ್ಲ, ಕೈ ಕುಯ್ದರೂ ತೋರಿಸಲ್ಲ. ವಿಶ್ರಾಂತಿಗೆ ಕಳಿಸುವಾಗ ಕೂಲಿ ಕೊಟ್ಟು ಕಳಿಸಿದರೆ ನಿಜ ಹೇಳ್ತಾನೆ, ಮುಂದಿನವನಿಗೆ ದಾರಿ ಹೇಳಿಕೊಟ್ಟೂ ಹೋಗ್ತಾನೆ. ತನ್ನ ಅನ್ನ ಕಿತ್ತುಕೊಳ್ಳೋಕೆ ಬಂದವನಿಗೆ ಯಾರು ಕಲಿಸ್ತಾರೆ?

ಈಗ ನಮ್ಮ ಕರ್ನಾಟಕಕ್ಕೆ ಬನ್ನಿ. ನಮ್ಮ ನಗರಗಳಲ್ಲಿ ಪೌರಕಾರ್ಮಿಕರನ್ನ ವರ್ಷಗಟ್ಟಲೆ ಗುತ್ತಿಗೆದಾರರ ಕೈಗೆ ಕೊಟ್ಟಿದ್ದರು. ಟೆಂಡರ್ ಬದಲಾದರೆ ಗುತ್ತಿಗೆದಾರ ಬದಲು, ಗುತ್ತಿಗೆದಾರ ಬದಲಾದರೆ ಪಟ್ಟಿ ಬದಲು. ಪಿ.ಎಫ್. ಕೇಳಿದವರ ಹೆಸರು ಹೊಸ ಪಟ್ಟಿಯಲ್ಲಿ ಇರುತ್ತಿರಲಿಲ್ಲ. 2022ರ ಜುಲೈನಲ್ಲಿ ರಾಜ್ಯದಾದ್ಯಂತ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕಾಯಂ ಮಾಡಿ ಅಂತ ಮುಷ್ಕರ ಹೂಡಿದರು. ಅದರ ಫಲವಾಗಿ ಸಾವಿರಾರು ಜನಕ್ಕೆ ಕಾಯಮಾತಿ ಬಂತು. ಇದನ್ನ ಪೇಪರಿನವರು ಸಂಬಳದ ಹೋರಾಟ ಅಂತ ಬರೆದರು. ಸಂಬಳದ್ದೂ ಹೌದು. ಆದರೆ ಅದು ಊರಿನ ಸುರಕ್ಷತೆಯ ಹೋರಾಟವೂ ಹೌದು. ಕಾಯಂ ಗ್ಯಾಂಗು ಇರುವ ವಾರ್ಡಿಗೆ ನೀರು ನುಗ್ಗಿದರೆ ಎಲ್ಲಿ ಕಾಲಿಡಬೇಕು ಅಂತ ಹೇಳೋರು ಇರ್ತಾರೆ. ದಿನಾ ಹೊಸಬರು ಬರುವ ವಾರ್ಡಿನಲ್ಲಿ ಯಾರಿರ್ತಾರೆ?

ಇಲ್ಲಿ ಒಂದು ಹಳ್ಳ ಇದೆ, ನೋಡಿಕೊಂಡು ದಾಟಬೇಕು. ಈ ಮಾತನ್ನೆಲ್ಲ ಕೇಳಿಸಿಕೊಂಡು ಒಬ್ಬ ಬುದ್ಧಿವಂತ ಎದ್ದು ನಿಂತು ಹೇಳ್ತಾನೆ: 'ಹೌದಪ್ಪ, ನೀವೇ ಹೇಳಿದ ಹಾಗೆ ಆ ಕೆಲಸ ಅವರಿಗೇ ಗೊತ್ತು. ಅವರ ತಾತ ಮಾಡಿದ, ಅಪ್ಪ ಮಾಡಿದ, ಮಗನೂ ಮಾಡಲಿ.' ಜಾತಿ ವ್ಯವಸ್ಥೆ ಸಾವಿರ ವರ್ಷದಿಂದ ಆಡಿಕೊಂಡು ಬಂದ ಮಾತೂ ಇದೇ. ಪಳಗಿದ ತಂಡ ಬೇಕು ಅನ್ನೋದನ್ನ ಹುಟ್ಟಿದ ಜಾತಿ ಬೇಕು ಅಂತ ತಿರುಗಿಸ್ತಾರೆ. ಇದಕ್ಕೆ ನಮ್ಮ ಉತ್ತರ ಸ್ಪಷ್ಟವಾಗಿರಬೇಕು. ತಿಳುವಳಿಕೆ ರಕ್ತದಲ್ಲಿ ಬರಲ್ಲ, ಕೆಲಸದಲ್ಲಿ ಬರುತ್ತೆ. ಬಂದದ್ದನ್ನ ಇನ್ನೊಬ್ಬರಿಗೆ ಕಲಿಸಬಹುದು. ಯಾವ ಜಾತಿಯಲ್ಲಿ ಹುಟ್ಟಿದವನಿಗಾದರೂ ಕಲಿಸಬಹುದು. ನಾಗಪಟ್ಟಿಣಂಗೆ ಲಾರಿಯಲ್ಲಿ ಬಂದವರಿಗೆ ಆ ಊರಿನ ಬೀದಿ ಗೊತ್ತಿರಲಿಲ್ಲ. ದಿನಾ ಕಸ ಎತ್ತೋರಿಗೆ ಸಾವಿರ ಹೆಣ ಎತ್ತೋ ಅಭ್ಯಾಸ ಎಲ್ಲಿಂದ ಬರಬೇಕು? ಅವರನ್ನ ಕರೆಸಿದ್ದು ತಿಳುವಳಿಕೆ ನೋಡಿ ಅಲ್ಲ, ಜಾತಿ ನೋಡಿ.

ಇನ್ನೂ ಒಂದು ಮಾತು ಸೇರಿಸಬೇಕು. ಕೆಲವು ಕೆಲಸಗಳನ್ನ ಪಳಗಿದ ತಂಡಕ್ಕೂ ಕೊಡಕೂಡದು. ಮ್ಯಾನ್‌ಹೋಲಿನ ಒಳಗೆ ಮನುಷ್ಯ ಇಳಿಯೋದು ಅಂಥದ್ದು. ಒಬ್ಬ ಇಳಿದು ವಿಷಗಾಳಿಗೆ ಬೀಳ್ತಾನೆ, ಅವನನ್ನ ಎತ್ತೋಕೆ ಇನ್ನೊಬ್ಬ ಇಳಿದು ಬೀಳ್ತಾನೆ, ಆಮೇಲೆ ಮೂರನೆಯವನು. ಜೊತೆಗಾರನ ಮೇಲಿನ ಪ್ರೀತಿಯೇ ಅಲ್ಲಿ ಸಾವು ತರುತ್ತೆ. 2013ರ ಕಾನೂನು ಇದನ್ನ ಕಟ್ಟುಮಾಡಿದೆ. ಸುಪ್ರೀಂ ಕೋರ್ಟು 2014ರ ಮಾರ್ಚ್ 27ರಂದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಅಂತ ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಪ್ರವಾಹ ಆಗಿದೆ, ತುರ್ತು ಇದೆ ಅಂತ ಯಾರಾದರೂ ಇಳಿಯಲು ಹೇಳಿದರೆ ಇಳಿಯಬೇಡಿ, ಇಳಿಯೋಕೆ ಬಿಡಲೂ ಬೇಡಿ.

ಹಾಗಾದರೆ ಹೊಸಬರು ಬಂದರೆ ಬರೀ ನಷ್ಟವಾ? ಅಲ್ಲ. ಹಳೇ ತಂಡಕ್ಕೆ ಒಂದು ರೋಗ ಬರುತ್ತೆ. ಅಪಾಯ ಅಭ್ಯಾಸ ಆಗಿಬಿಡುತ್ತೆ. 'ಯಾವಾಗಲೂ ಹೀಗೇ ಮಾಡ್ತೀವಿ, ಏನೂ ಆಗಲ್ಲ' ಅಂತಾರೆ. ಹೊಸಬ ಬಂದು 'ಇದ್ಯಾಕೆ ಹಿಂಗೆ? ಕೈಗವಸು ಯಾಕಿಲ್ಲ?' ಅಂತ ಕೇಳ್ತಾನೆ. ಆ ಪ್ರಶ್ನೆ ಬೇಕು. ಆದ್ದರಿಂದ ಬದಲಾವಣೆ ಬೇಡ ಅನ್ನೋದು ನಮ್ಮ ವಾದ ಅಲ್ಲ. ಹಳಬರು ಇರುವಾಗಲೇ ಹೊಸಬರು ಬರಲಿ, ಕೇಳಲಿ, ಕಲಿಯಲಿ. ಎಲ್ಲರನ್ನೂ ಒಂದೇ ದಿನ ಕಿತ್ತುಹಾಕಬೇಡಿ ಅನ್ನೋದು ನಮ್ಮ ವಾದ.

ಕೊನೇದಾಗಿ, ನೀವು ಮಾಡಬೇಕಾದ್ದು. 2009ರಲ್ಲಿ ಉತ್ತರ ಕರ್ನಾಟಕ ಮುಳುಗಿತು, 2018ರಲ್ಲಿ ಕೊಡಗಿನ ಗುಡ್ಡ ಕುಸಿಯಿತು, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೀರು ನುಗ್ಗಿತು. ಮುಂದೆಯೂ ಬರುತ್ತೆ. ಹಾಸ್ಟೆಲಿನ ಹುಡುಗರು, ಹುಡುಗಿಯರು ತಂಡ ಕಟ್ಟಿಕೊಂಡು ಹೋಗ್ತೀರಿ, ಹೋಗಬೇಕು ಕೂಡ. ಹೋಗುವಾಗ ಇಷ್ಟು ನೆನಪಿಡಿ.

ಪ್ರತಿ ತಂಡದಲ್ಲಿ ಆ ಊರಿನವರು ಒಬ್ಬರಾದರೂ ಇರಲಿ. ಅದು ಆ ವಾರ್ಡಿನ ಪೌರಕಾರ್ಮಿಕರಾದರೆ ಒಳ್ಳೇದು, ಅವರ ಮಾತು ಮೊದಲು ಕೇಳಿ. ಅಕ್ಕ, ಅಣ್ಣ ಅಂತ ಕರೀರಿ, ಏಕವಚನ ಬೇಡ.

ಕೆಲಸ ಶುರು ಮಾಡುವ ಮುಂಚೆ ಹತ್ತು ನಿಮಿಷ ಕೂತು ಒಬ್ಬರಿಗೊಬ್ಬರು ಹೆಸರು ಹೇಳಿಕೊಳ್ಳಿ. ಯಾರು ಏನು ಮಾಡ್ತಾರೆ, 'ನಿಲ್ಲಿಸಿ' ಅಂತ ಹೇಳೋಕೆ ಸನ್ನೆ ಏನು ಅಂತ ಗೊತ್ತು ಮಾಡಿಕೊಳ್ಳಿ. ನಿಲ್ಲಿಸಿ ಅನ್ನೋ ಹಕ್ಕು ಎಲ್ಲರಿಗಿಂತ ಹೊಸಬನಿಗೂ ಇರಲಿ. ಮೊದಲನೇ ದಿನವೇ ಹೆಚ್ಚು ಅಪಾಯ ಅನ್ನೋ ಪೈಲಟ್‌ಗಳ ಲೆಕ್ಕ ಮರೀಬೇಡಿ. ಆ ದಿನ ಹಗುರ ಕೆಲಸ ಹಿಡಿಯಿರಿ.

ಪಾಳಿ ಬದಲಾಗುವಾಗ ಎಲ್ಲರೂ ಒಟ್ಟಿಗೆ ಹೊರಡಬೇಡಿ. ಅರ್ಧ ಜನ ಇರಿ, ಅರ್ಧ ಜನ ಹೊರಡಿ. ಹಳಬ ಹೊಸಬ ಜೊತೆಗೆ ಒಂದು ಪಾಳಿಯಾದರೂ ಕೆಲಸ ಮಾಡಲಿ. ಕಾಲಲ್ಲಿ ಗಾಯ ಇದ್ದವರು ನಿಂತ ನೀರಿಗೆ ಇಳಿಯಬೇಡಿ, ಇಲಿಜ್ವರ ಬರುತ್ತೆ. ಸುಸ್ತಾದರೆ ಹೇಳಿ. ಹೇಳಿದವನನ್ನ ಹೇಡಿ ಅಂತ ನಗಬೇಡಿ.

ಒಂದು ನೋಟ್‌ಬುಕ್ ಇಡಿ. ಮುಚ್ಚಳ ಇಲ್ಲದ ಮ್ಯಾನ್‌ಹೋಲು, ಹಾಳುಬಾವಿ, ಕರೆಂಟು ವೈರು, ಕುಸಿಯೋ ಗೋಡೆ, ಮುಗಿದ ಮನೆ, ಉಳಿದ ಮನೆ ಎಲ್ಲಾ ಅದರಲ್ಲಿ ಬರೆಯಿರಿ. ಪಾಳಿ ಮುಗಿದಾಗ ಮುಂದಿನ ತಂಡದವರ ಕೈಗೆ ಆ ಪುಸ್ತಕ ಕೊಟ್ಟು, ಎದುರು ನಿಂತು ಓದಿ ಹೇಳಿ ಹೊರಡಿ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು. ಕಾಲೇಜಿನಿಂದ ಎಲ್ಲಾ ಜಾತಿಯ ಹುಡುಗರೂ ಬಂದಿರ್ತಾರೆ. ಅಕ್ಕಿ ಹಂಚೋ ಕೆಲಸಕ್ಕೆ, ಫೋಟೋಗೆ ನಿಲ್ಲೋಕೆ ಸಾಲು ಇರುತ್ತೆ. ಸತ್ತ ದನ ಎತ್ತೋಕೆ, ಪಾಯಿಖಾನೆ ತೊಳೆಯೋಕೆ ಯಾರೂ ಬಾಯಿ ಬಿಟ್ಟು ಹೇಳದೆಯೇ ಎಲ್ಲರ ಕಣ್ಣು ನಿಮ್ಮ ಕಡೆ ತಿರುಗುತ್ತೆ. ಆಗ ಜಗಳ ಆಡಬೇಡಿ, ಸಿಟ್ಟು ಮಾಡಿಕೊಂಡು ಹೊರಟು ಬರಬೇಡಿ. ಒಂದು ಹಾಳೆ ತೆಗೆದು ಪಾಳಿ ಬರೆದು ಗೋಡೆಗೆ ಅಂಟಿಸಿ. ಈ ಕೆಲಸ ಇವತ್ತು ಇವರಿಗೆ, ನಾಳೆ ಅವರಿಗೆ, ಎಲ್ಲರ ಹೆಸರೂ ಅದರಲ್ಲಿ ಇರಲಿ. ಕೈಗವಸು, ಬೂಟು ಎಲ್ಲರಿಗೂ ಇರಲಿ. ಮಾಡಿದವರು ಮುಂದಿನವರಿಗೆ ಹೇಳಿಕೊಡಲಿ. ತಂಡದಲ್ಲಿ ಬದಲಾಗಬೇಕಾದ್ದು ಇದು.

ನಿಮಗೆ ಅಕ್ಷರ ಬಂದಿದೆ. ನಿಮ್ಮ ಅವ್ವಂದಿರ, ಅಪ್ಪಂದಿರ ತಿಳುವಳಿಕೆ ಇನ್ನೂ ಯಾವ ಕಾಗದದ ಮೇಲೂ ಬಂದಿಲ್ಲ. ಬರದೆ ಇರೋದರಿಂದಲೇ ಅದು ತಿಳುವಳಿಕೆ ಅಲ್ಲ ಅಂತ ಹೇಳೋಕೆ ಅವರಿಗೆ ಧೈರ್ಯ. ಈ ರಜಕ್ಕೆ ಊರಿಗೆ ಹೋದಾಗ ನಿಮ್ಮ ಮನೆಯ ಅಥವಾ ಕೇರಿಯ ಒಬ್ಬ ಪೌರಕಾರ್ಮಿಕರ ಹತ್ತಿರ ಕೂತುಕೊಳ್ಳಿ. ಮಳೆ ಬಂದಾಗ ನಿಮ್ಮ ವಾರ್ಡಿನಲ್ಲಿ ಏನಾಗುತ್ತೆ, ಎಲ್ಲಿ ಕಾಲಿಡಬಾರದು, ನಿಮಗೆ ಯಾರು ಕಲಿಸಿದರು, ನೀವು ಯಾರಿಗೆ ಕಲಿಸಿದಿರಿ ಅಂತ ಕೇಳಿ. ಅವರು ಹೇಳಿದ ಮಾತಿನಲ್ಲೇ ನಾಲ್ಕು ಪುಟ ಬರೆಯಿರಿ, ಅವರಿಗೆ ಓದಿ ತೋರಿಸಿ. ಮುಂದಿನ ಶಿಬಿರಕ್ಕೆ ಬರುವಾಗ ಅದನ್ನ ತನ್ನಿ. ಪ್ರತಿ ತೆಗೆದು ಹಂಚೋ ಕೆಲಸ ನಮ್ಮದು.